ಮಹಡಿ ಎಷ್ಟು, ಅಂತಸ್ತು ಎಷ್ಟು?

ಮೂರು ಅಂತಸ್ತಿನ ಕಟ್ಟಡವೊಂದಕ್ಕೆ ಮಹಡಿಗಳು ಎಷ್ಟು? ವಿದ್ಯಾರ್ಥಿನಿಲಯದ ಮಿತ್ರರ ಮುಂದೆ ಈ ಪ್ರಶ್ನೆಯನ್ನಿಟ್ಟಾಗ ಕೆಲವರು ಮೂರು ಎಂದರು, ಕೆಲವರು ಎರಡು ಎಂದರು. ಎರಡು ಪಂಗಡದಲ್ಲಿಯೂ ತಮ್ಮ ಉತ್ತರದ ವಿಷಯದಲ್ಲಿ ಸಂದೇಹಪಟ್ಟವರು ಒಬ್ಬರೂ ಇರಲಿಲ್ಲ. ಕಲ್ಲು, ಇಟ್ಟಿಗೆ, ಸಿಮೆಂಟುಗಳಿಂದ ಕಟ್ಟಿ ಕಣ್ಣಿಗೆ ಕಾಣುವಂತೆ ನಿಲ್ಲಿಸಿರುವ ವಸ್ತುವನ್ನು ಎಣಿಸುವುದರಲ್ಲಿಯೇ ಇಷ್ಟು ಭಿನ್ನಾಭಿಪ್ರಾಯವಿರುವುದಾದರೆ, ಅದರ ಕಾರಣವನ್ನು ವಿಚಾರಿಸುವುದು ವ್ಯರ್ಥವಾಗಲಾರದೆಂದು ಭಾವಿಸಿ ಈ ಲೇಖನವನ್ನು ಬರೆಯುತ್ತಿದ್ದೇನೆ. ಇದರಲ್ಲಿ ನನಗೆ ಬೇರೊಂದು ಆಸಕ್ತಿಯೂ ಉಂಟು. ನಮ್ಮ ತಂದೆಯವರು ಗುಬ್ಬಿ ತಾಲ್ಲೂಕಿನಲ್ಲಿ ಗಾರೆ ಮೇಸ್ತ್ರಿಗಳು. ಮಹಡಿಯ ಲೆಕ್ಕ ನಮ್ಮ ಮನೆಯಲ್ಲಿ ಊಟದ ಲೆಕ್ಕವೂ ಹೌದು. ಅದು ಹೇಗೆಂಬುದನ್ನು ಮುಂದೆ ಹೇಳುತ್ತೇನೆ.

ಮೊದಲು ಮಾತಿನಿಂದಲೇ ಪ್ರಾರಂಭಿಸೋಣ. ನಮ್ಮ ಹಳ್ಳಿಗಳ ಹಳೆಯ ಮನೆಗಳಿಗೆ ಮಹಡಿ ಎಂಬುದು ಇದ್ದರೆ ಒಂದೇ. ಆದಕಾರಣ ಅದಕ್ಕೆ ಸಂಖ್ಯೆಯ ಅಗತ್ಯ ಬೀಳುತ್ತಿರಲಿಲ್ಲ. 'ಮಹಡಿ ಮೇಲೆ ಮಲಗಿದ್ದಾರೆ' ಎಂದರೆ ಸಾಕಾಗಿತ್ತು. ಊರಿನಲ್ಲಿ ಒಂದೇ ಮನೆಗೆ ಮಹಡಿಯಿದ್ದರೆ ಆ ಮನೆತನಕ್ಕೇ 'ಮಹಡಿ ಮನೆಯವರು' ಎಂಬ ಹೆಸರು ನಿಂತುಬಿಡುತ್ತದೆ. ಮಹಡಿ ಬಿದ್ದುಹೋದ ಮೇಲೂ ಹೆಸರು ಬೀಳುವುದಿಲ್ಲ. ಇಲ್ಲಿ ಗಮನಿಸಬೇಕಾದ ಅಂಶವೆಂದರೆ, ಮಹಡಿ ಎಂಬ ಮಾತಿನಲ್ಲಿಯೇ 'ಮೇಲೆ' ಎಂಬ ಅರ್ಥ ಸೇರಿಕೊಂಡಿದೆ. ನೆಲದ ಮೇಲಿನ ನಡುಮನೆಯನ್ನು ಯಾರೂ ಮಹಡಿ ಎನ್ನುವುದಿಲ್ಲ. ಉಪ್ಪರಿಗೆಯೂ ಹಾಗೆಯೇ, ಉಪ್ಪರವೆಂದರೆ ಎತ್ತರ. ಹೀಗೆ ಮೇಲಿರುವುದನ್ನು ಮಾತ್ರ ಎಣಿಸಹೊರಟವನಿಗೆ ಮೊದಲನೆಯದು ಸಿಕ್ಕುವುದು ಮೆಟ್ಟಿಲು ಹತ್ತಿದ ಮೇಲೆಯೇ.

ಅಂತಸ್ತು ಬೇರೆ ಬಗೆಯ ಮಾತು. ಅದರಲ್ಲಿ ಒಂದರ ಮೇಲೊಂದು ಇಟ್ಟ ಭಾವನೆಯಿದೆ. ಊಟದ ಕ್ಯಾರಿಯರಿನಲ್ಲಿ ಮೂರು ಬಟ್ಟಲುಗಳಿದ್ದರೆ ಅಡಿಯ ಬಟ್ಟಲನ್ನು ಬಿಟ್ಟು ಎರಡೆಂದು ಎಣಿಸುವವರು ಯಾರಿದ್ದಾರೆ? ಅನ್ನವಿರುವುದೇ ಅದರಲ್ಲಿ. ಅಂತಸ್ತಿನ ಲೆಕ್ಕದಲ್ಲಿಯೂ ಅಡಿಯದು ಸೇರಿಯೇ ಸೇರುತ್ತದೆ. (ಮನುಷ್ಯನ ಸ್ಥಾನಮಾನಕ್ಕೂ ನಾವು ಇದೇ ಪದವನ್ನು ಬಳಸುತ್ತೇವೆ. ಹೆಣ್ಣು ಕೊಡುವವರು ನೋಡುವ ಅಂತಸ್ತಿಗೂ ಕಟ್ಟಡದ ಅಂತಸ್ತಿಗೂ ಪದ ಒಂದೇ ಆಗಿರುವುದು ಆಕಸ್ಮಿಕವಲ್ಲವೆಂದು ನನಗೆ ತೋರುತ್ತದೆ. ಆದರೆ ಆ ವಿಚಾರ ಅರ್ಥಶಾಸ್ತ್ರದ ಮಿತ್ರರಿಗೆ ಸೇರಿದ್ದು.) ನಮ್ಮ ಪ್ರಾಚೀನ ಶಿಲ್ಪಿಗಳ ಎಣಿಕೆಯೂ ಅಂತಸ್ತಿನ ಎಣಿಕೆಯೇ. ಅವರು ಇದನ್ನು 'ತಲ' ಎಂದು ಕರೆದರು. ಏಕತಲ ವಿಮಾನವೆಂದರೆ ಒಂದೇ ನೆಲೆಯದು, ದ್ವಿತಲವೆಂದರೆ ಎರಡು ನೆಲೆಯದು. 'ಮಾನಸಾರ'ವೆಂಬ ಶಿಲ್ಪಶಾಸ್ತ್ರ ಗ್ರಂಥವು ಒಂದು ತಲದಿಂದ ಹಿಡಿದು ಹನ್ನೆರಡು ತಲದ ವಿಮಾನಗಳವರೆಗೆ ಲಕ್ಷಣಗಳನ್ನು ಹೇಳುತ್ತದೆ. ಅಲ್ಲಿ ಸೊನ್ನೆಯ ತಲವೆಂಬುದು ಇಲ್ಲ. ವಿಜಯಪುರದ ಆದಿಲಶಾಹಿ ಅರಮನೆಗಳಲ್ಲಿ ಸಾತ್ ಮಂಜಿಲ್ ಎಂಬುದೊಂದಿದೆ. ಏಳು ಅಂತಸ್ತಿನದೆಂದು ಅದರ ಹೆಸರೇ ಹೇಳುತ್ತದೆ, ಈಗ ಅಷ್ಟೂ ಉಳಿದಿಲ್ಲ. ಅಲ್ಲಿಯೂ ಎಣಿಕೆ ಅಡಿಯಿಂದಲೇ.

ಹೀಗಾಗಿ ಮಿತ್ರರ ಮುಂದಿಟ್ಟ ಪ್ರಶ್ನೆಗೆ ಸರಿಯುತ್ತರ ಎರಡು. ಮೂರು ಅಂತಸ್ತಿನ ಕಟ್ಟಡಕ್ಕೆ ಮಹಡಿಗಳು ಎರಡೇ. ಮೂರನೆಯ ಅಂತಸ್ತು ಎಂಬುದೇ ಎರಡನೆಯ ಮಹಡಿ. ೧೯೫೬ರಲ್ಲಿ ಮುಗಿದ ಬೆಂಗಳೂರಿನ ವಿಧಾನಸೌಧವನ್ನು ನೆಲದ ಮೇಲೆ ನಾಲ್ಕು ಅಂತಸ್ತು, ನೆಲದ ಕೆಳಗೆ ಒಂದು ಎಂದು ವರ್ಣಿಸುವುದು ವಾಡಿಕೆ. ಮುಖ್ಯಮಂತ್ರಿಗಳ ಕಚೇರಿ ಇರುವುದು ಮೂರನೆಯ ಮಹಡಿಯಲ್ಲಿ. ಪತ್ರಿಕೆಗಳಲ್ಲಿ ಆಗಾಗ ಕಾಣುವ ೩೩೪ನೆಯ ಕೊಠಡಿಯ ಮೊದಲ ಅಂಕಿ ಈ ಮೂರನ್ನೇ ಹೇಳುತ್ತದೆ. ಈ ಮೂರನೆಯ ಮಹಡಿಯೇ ಅಂತಸ್ತಿನ ಲೆಕ್ಕದಲ್ಲಿ ನಾಲ್ಕನೆಯದು. ಎರಡು ವರ್ಣನೆಗಳೂ ಸರಿ, ಎರಡನ್ನೂ ಒಂದೇ ಉಸಿರಿನಲ್ಲಿ ಕೇಳಿದವನಿಗೆ ಮಾತ್ರ ತೊಡಕು.

ಇಂತಹ ಒಂದರ ವ್ಯತ್ಯಾಸ ನಮಗೆ ಹೊಸದೇನಲ್ಲ. ವಯಸ್ಸನ್ನು ಹೇಳುವಾಗ ನಮ್ಮ ಅಜ್ಜಿಯಂದಿರು 'ಇಪ್ಪತ್ತು ತುಂಬಿ ಇಪ್ಪತ್ತೊಂದಕ್ಕೆ ಬಿತ್ತು' ಎನ್ನುತ್ತಾರೆ. ತುಂಬಿದ ಲೆಕ್ಕ ಒಂದು, ನಡೆಯುತ್ತಿರುವ ಲೆಕ್ಕ ಇನ್ನೊಂದು. ಶಾಸನಗಳನ್ನು ಓದುವವರಿಗೆ ಇದೇ ತೊಡಕು ಶಕವರ್ಷದಲ್ಲಿ ಎದುರಾಗುತ್ತದೆ. ಶಾಸನದಲ್ಲಿ ಶಕ ೧೦೭೨ ಎಂದಿದ್ದರೆ ಅದು ಕಳೆದುಹೋದ ವರ್ಷವೋ, ನಡೆಯುತ್ತಿರುವ ವರ್ಷವೋ ಎಂಬುದನ್ನು ಮೊದಲು ನಿರ್ಧರಿಸಬೇಕು. ಗತವಾದರೆ ಕ್ರಿಸ್ತಶಕ ೧೧೫೦-೫೧, ವರ್ತಮಾನವಾದರೆ ೧೧೪೯-೫೦. ಮಹಡಿಯ ಸಂಖ್ಯೆಯು ಗತದ ಲೆಕ್ಕ: ನೀವು ಎಷ್ಟು ಅಂತಸ್ತುಗಳನ್ನು ದಾಟಿ ಬಂದಿರಿ ಎಂಬುದನ್ನು ಅದು ಹೇಳುತ್ತದೆ. ಅಂತಸ್ತಿನ ಸಂಖ್ಯೆಯು ವರ್ತಮಾನದ ಲೆಕ್ಕ: ನೀವು ಎಷ್ಟನೆಯದರಲ್ಲಿ ನಿಂತಿದ್ದೀರಿ ಎಂಬುದನ್ನು ಹೇಳುತ್ತದೆ.

ಇನ್ನು ಮೂರನೆಯ ಎಣಿಕೆಯೊಂದುಂಟು. ಅದು ಪುಸ್ತಕಗಳಲ್ಲಿಲ್ಲ, ಕೆಲಸಗಾರರ ಬಾಯಲ್ಲಿದೆ. ಗಾರೆಯವರು ಕಟ್ಟಡವನ್ನು 'ಮೋಲ್ಡಿ'ನ ಮೇಲೆ ಎಣಿಸುತ್ತಾರೆ. ಗೋಡೆ ಎದ್ದ ಮೇಲೆ ಸೆಂಟ್ರಿಂಗ್ ಹಲಗೆ ಹೊಡೆದು, ಕಂಬಿ ಕಟ್ಟಿ, ಒಂದೇ ದಿನದಲ್ಲಿ ಕಾಂಕ್ರೀಟು ಸುರಿದು ಮುಗಿಸುವ ಛಾವಣಿಗೆ ಮೋಲ್ಡು ಎಂದು ಹೆಸರು. ಆ ದಿನ ಮನೆಯ ಯಜಮಾನರು ಕೆಲಸದವರಿಗೆಲ್ಲ ಊಟ ಹಾಕಿಸುತ್ತಾರಾದ್ದರಿಂದ ಮೋಲ್ಡಿನ ದಿನವನ್ನು ಯಾವ ಕೂಲಿಯವನೂ ಮರೆಯುವುದಿಲ್ಲ. ಒಂದನೆ ಮೋಲ್ಡು, ಎರಡನೆ ಮೋಲ್ಡು ಎಂದು ಅವರ ಲೆಕ್ಕ ನಡೆಯುತ್ತದೆ. ವಿಚಾರ ಮಾಡಿ ನೋಡಿದರೆ ಎಲ್ಲ ಗೊಂದಲದ ಮೂಲವೂ ಈ ಮೋಲ್ಡಿನಲ್ಲಿಯೇ ಇದೆ. ಒಂದನೆ ಮೋಲ್ಡು ಕೆಳಗಿನವರಿಗೆ ಸೂರು, ಮೇಲಿನವರಿಗೆ ನೆಲ. ಐದಾರು ಅಂಗುಲ ದಪ್ಪದ ಒಂದೇ ಹಾಸು. ಅಡಿಯಿಂದ ನೋಡಿದವನು ಅದನ್ನು ಒಂದನೆಯ ಅಂತಸ್ತಿನ ಕೊನೆ ಎನ್ನುತ್ತಾನೆ, ಮೇಲಿಂದ ನೋಡಿದವನು ಮೊದಲನೆಯ ಮಹಡಿಯ ಆರಂಭ ಎನ್ನುತ್ತಾನೆ.

೨೦೨೨ರಲ್ಲಿ, ನಾನು ಪಿ.ಯು.ಸಿ. ಓದುತ್ತಿದ್ದಾಗ, ನಮ್ಮ ತಂದೆಯವರು ಕುಣಿಗಲಿನಲ್ಲಿ ಒಂದು ಮನೆಯ ಕೂಲಿ ಗುತ್ತಿಗೆಯನ್ನು ಹಿಡಿದರು. ಸಾಮಾನು ಯಜಮಾನರದು, ಕೆಲಸ ನಮ್ಮವರದು, ಚದರಕ್ಕೆ ಇಷ್ಟು ಎಂದು ಕೂಲಿ. (ನಮ್ಮ ಕಡೆ ಚದರವೆಂದರೆ ಹತ್ತಡಿಗೆ ಹತ್ತಡಿ, ಅಂದರೆ ನೂರು ಚದರಡಿ.) ಮೇಲೆ ಹೋದಂತೆ ಇಟ್ಟಿಗೆ, ಮರಳು, ನೀರನ್ನು ಹೊತ್ತು ಹತ್ತಿಸಬೇಕಾದ್ದರಿಂದ ಮೇಲಿನ ಕೆಲಸಕ್ಕೆ ಕೂಲಿ ಹೆಚ್ಚು ಕೊಡುವುದು ರೂಢಿ. ಯಜಮಾನರ ಕಡೆಯವರು ಬರೆದುಕೊಟ್ಟ ಚೀಟಿಯಲ್ಲಿ 'ಮೂರನೆ ಮಹಡಿಗೆ ಚದರಕ್ಕೆ ಕೂಲಿ ಜಾಸ್ತಿ' ಎಂದಿತ್ತು. ಕೆಲಸ ಮುಗಿಯಿತು. ನೆಲದ ಮನೆ, ಅದರ ಮೇಲೊಂದು, ಅದರ ಮೇಲೆ ಮತ್ತೊಂದು. ಲೆಕ್ಕ ಮಾಡುವ ದಿನ ಯಜಮಾನರು, 'ಮೇಸ್ತ್ರಿ, ಮೂರನೆ ಮಹಡಿ ಎಲ್ಲಿದೆ, ನೀನೇ ತೋರಿಸಪ್ಪ' ಎಂದರು. 'ಸ್ವಾಮಿ, ಮೂರು ಮೋಲ್ಡು ಹಾಕಿದೀನಲ್ಲ ಸ್ವಾಮಿ' ಎಂದು ನಮ್ಮ ತಂದೆ. ಮೇಲಿನ ಭಾಗ ಎಂಟು ಚದರ. ಆ ಎಂಟು ಚದರದ ಹೆಚ್ಚಿನ ಕೂಲಿ ಬರಲಿಲ್ಲ. ಹೊತ್ತವರಿಗೆ ಮಾತ್ರ ಕೊಡಲೇಬೇಕಾಗಿತ್ತು. ಅದನ್ನು ನಮ್ಮ ತಂದೆಯವರು ತಮ್ಮ ಪಾಲಿನಿಂದ ಕೊಟ್ಟರು. ಯಜಮಾನರನ್ನು ಮೋಸಗಾರರೆಂದು ನಾನು ಹೇಳಲಾರೆ. ಅವರು ತಮ್ಮ ಎಣಿಕೆಯನ್ನು ಮನಸಾರೆ ನಂಬಿದ್ದರು.

ಕಾಲೇಜಿಗೆ ಬಂದ ಮೇಲೆ ಈ ವಿಷಯದಲ್ಲಿ ಸರ್ಕಾರದ ಗ್ರಂಥಗಳು ಏನು ಹೇಳುತ್ತವೆಂದು ಹುಡುಕಿ ನೋಡಿದೆ. ಸಿಕ್ಕಿದ್ದು ವಿಚಿತ್ರವಾಗಿತ್ತು. ಕೇಂದ್ರ ಲೋಕೋಪಯೋಗಿ ಇಲಾಖೆಯವರು ತಮ್ಮ ಕಾಮಗಾರಿಗಳಿಗಾಗಿ ಹೊರಡಿಸಿರುವ 'ಸ್ಪೆಸಿಫಿಕೇಷನ್ಸ್' ಎಂಬ ನಿಯಮಗ್ರಂಥದಲ್ಲಿ, ನೆಲಮಟ್ಟದಿಂದ ಮೇಲಿರುವ ಅತ್ಯಂತ ಕೆಳಗಿನ ಹಾಸಿಗೆ ಒಂದನೆಯ ಸಂಖ್ಯೆ; ಅದರ ಮೇಲಿನದಕ್ಕೆ ಎರಡು, ಮೂರು ಎಂದು ಮುಂದುವರಿಯಬೇಕು. ಈ ಲೆಕ್ಕದಲ್ಲಿ ಕುಣಿಗಲಿನ ಆ ಮನೆಗೆ ಮೂರನೆಯದು ಉಂಟು. ಕೂಲಿ ನಮ್ಮ ತಂದೆಯವರದು. ಆದರೆ ಭಾರತದ ರಾಷ್ಟ್ರೀಯ ಕಟ್ಟಡ ಸಂಹಿತೆಯನ್ನು (೨೦೧೬) ತೆರೆದರೆ, ರಸ್ತೆಯಿಂದ ನೇರವಾಗಿ ಪ್ರವೇಶವಿರುವ ಅತ್ಯಂತ ಕೆಳಗಿನದು 'ಗ್ರೌಂಡ್ ಫ್ಲೋರ್', ಅದರ ಮೇಲಿನದು ಒಂದನೆಯದು. ಈ ಲೆಕ್ಕದಲ್ಲಿ ಯಜಮಾನರು ಗೆದ್ದರು. ಎರಡೂ ನಮ್ಮ ದೇಶದ ಗ್ರಂಥಗಳೇ, ಎರಡೂ ಇಂಜಿನಿಯರುಗಳು ಬರೆದವೇ.

ಇದನ್ನು ಅವ್ಯವಸ್ಥೆಯೆಂದು ನಗುವುದಕ್ಕೆ ಮುಂಚೆ ಕಾರಣವನ್ನು ನೋಡಬೇಕು. ಮೊದಲನೆಯ ಗ್ರಂಥ ಕೆಲಸವನ್ನು ಅಳೆದು ಹಣ ಕೊಡುವವರಿಗಾಗಿ ಹುಟ್ಟಿದ್ದು. ಹಣ ಕೊಡುವಾಗ ಪ್ರತಿಯೊಂದು ಅಂತಸ್ತಿನ ಕೆಲಸಕ್ಕೂ ಹೆಸರು ಬೇಕು, ಅಡಿಯದಕ್ಕೂ ಬೇಕು. ಅಡಿಯದನ್ನು ಸೊನ್ನೆಯೆಂದರೆ ಅಲ್ಲಿ ಕೆಲಸವೇ ಆಗಿಲ್ಲವೇನೋ ಎಂಬಂತಾಗುತ್ತದೆ. ಎರಡನೆಯ ಗ್ರಂಥದ ದೃಷ್ಟಿ ಬೀದಿಯಿಂದ ಒಳಗೆ ಬರುವವನದು. ಅವನಿಗೆ ಬೇಕಾದದ್ದು ಎಷ್ಟು ಸಲ ಹತ್ತಬೇಕು ಎಂಬುದೊಂದೇ. ಕಟ್ಟುವವನ ಎಣಿಕೆ ಒಂದು, ಹತ್ತುವವನ ಎಣಿಕೆ ಇನ್ನೊಂದು. ಕಟ್ಟಡದ ಕಸುಬಿನವರು ಈಗ ಈ ಜಗಳವನ್ನು 'ಜಿ ಪ್ಲಸ್ ಟೂ' ಎಂದು ಹೇಳಿ ತಪ್ಪಿಸುತ್ತಾರೆ. ಕನ್ನಡದಲ್ಲಿ 'ನೆಲ ಬಿಟ್ಟು ಎರಡು' ಎಂದರೂ ಅಷ್ಟೇ ಸ್ಪಷ್ಟ. ನಮ್ಮ ತಂದೆಯವರ ಚೀಟಿಗಳಲ್ಲಿ ಈಗ ಮಹಡಿ ಎಂಬ ಪದವೇ ಇರುವುದಿಲ್ಲ. 'ಎರಡನೆ ಮೋಲ್ಡಿನ ಮೇಲಿನ ಕೆಲಸಕ್ಕೆ' ಎಂದು ಬರೆಸುತ್ತಾರೆ.

ಸರ್ಕಾರಿ ಕಾಗದಗಳಲ್ಲಿ ಗ್ರೌಂಡ್ ಫ್ಲೋರಿಗೆ 'ನೆಲಮಹಡಿ' ಎಂದು ಬರೆಯುವುದುಂಟು. ಈ ಪದವನ್ನು ಕಂಡಾಗಲೆಲ್ಲ ನನಗೆ ನಗು ಬರುತ್ತದೆ. ನೆಲವಾದರೆ ಮಹಡಿಯಾಗದು, ಮಹಡಿಯಾದರೆ ನೆಲವಾಗದು. 'ನೆಲ ಅಂತಸ್ತು' ಎಂದರೆ ಭಾಷೆಗೂ ಕ್ಷೇಮ, ಕಂದಾಯ ಕಟ್ಟುವವರಿಗೂ ಕ್ಷೇಮ.

ಎಣಿಸುವುದಕ್ಕೆ ಮುಂಚೆ ಯಾವುದನ್ನು ಎಣಿಸಬೇಕು ಎಂಬ ಪ್ರಶ್ನೆಯೂ ಇದೆ. ಗುಬ್ಬಿ, ತಿಪಟೂರು, ತುರುವೇಕೆರೆ ಕಡೆಯ ತೆಂಗಿನ ತೋಟದವರ ಮನೆಗಳಲ್ಲಿ ಕೊಬ್ಬರಿಯ ಅಟ್ಟವಿರುತ್ತದೆ. ಬಲಿತ ಕಾಯಿಗಳನ್ನು ಸಿಪ್ಪೆಯೊಡನೆ ಅಟ್ಟದ ಮೇಲೆ ಹತ್ತು ಹನ್ನೊಂದು ತಿಂಗಳು ಬಿಟ್ಟರೆ ಒಳಗಿನ ನೀರು ಬತ್ತಿ, ಅಲ್ಲಾಡಿಸಿದಾಗ ಗಿಟಕು ಲೊಟಲೊಟ ಎನ್ನುತ್ತದೆ. ಅಟ್ಟದ ಹಾಸು ಬಿದಿರಿನದೋ ಅಡಿಕೆ ದಬ್ಬೆಯದೋ, ಸಂದುಗಳಲ್ಲಿ ಗಾಳಿಯಾಡಬೇಕು. ಮೇಲೆ ಸಾವಿರಾರು ಕಾಯಿಯ ಭಾರ, ಹತ್ತಲು ಏಣಿ, ಕೆಳಗೆ ಸಂಸಾರ. ಇದನ್ನು ಒಂದು ಅಂತಸ್ತೆಂದು ಎಣಿಸಬೇಕೆ? ಯಾವ ರೈತನೂ ಎಣಿಸುವುದಿಲ್ಲ; ಸಂಹಿತೆಯೂ ಎಣಿಸುವುದಿಲ್ಲ. ಸಾಮಾನಿಡಲು ಎರಡು ಹಾಸುಗಳ ನಡುವೆ ಮಾಡಿದ, ಒಂದೂವರೆ ಮೀಟರಿಗೆ ಮೀರದ ಎತ್ತರದ ಜಾಗವನ್ನು ಅದು ಅಟ್ಟವೆಂದೇ ಕರೆದು ಬಿಟ್ಟುಬಿಡುತ್ತದೆ. ಅದಕ್ಕಿಂತ ಎತ್ತರವಾಗಿ, ಅಂಗಡಿಗಳಲ್ಲಿ ಅರ್ಧ ಜಾಗಕ್ಕೆ ಮಾತ್ರ ಹಾಸು ಹಾಕಿ ಮಾಡುವ 'ಮೆಜನೈನ್' ಕೂಡ ಕೆಳಗಿನ ಅಂತಸ್ತಿನ ಭಾಗವೇ ಹೊರತು ಸ್ವತಂತ್ರ ಮಹಡಿಯಲ್ಲ. ಜನ ವಾಸಿಸುವ ಕೋಣೆಗೆ ೨.೭೫ ಮೀಟರು, ಅಂದರೆ ಸುಮಾರು ಒಂಬತ್ತಡಿ ಎತ್ತರ ಬೇಕೆಂದು ಅದೇ ಸಂಹಿತೆ ಹೇಳುತ್ತದೆ. ಇಲ್ಲಿ ಹಳ್ಳಿಯ ವಿವೇಕವೂ ಕಾನೂನಿನ ವಿವೇಕವೂ ಒಂದೇ ಕಡೆ ಬಂದು ಸೇರುತ್ತವೆ: ಮನುಷ್ಯ ತಲೆಯೆತ್ತಿ ನಡೆದಾಡುವಂತಿದ್ದರೆ ಅಂತಸ್ತು, ಬಗ್ಗಿ ನಡೆಯಬೇಕಾದರೆ ಅಟ್ಟ.

ನೆಲದ ಕೆಳಗೂ ಹೀಗೆಯೇ. ರಾಗಿ ತುಂಬುತ್ತಿದ್ದ ಹಗೇವನ್ನು ಯಾರೂ ಅಂತಸ್ತೆಂದು ಎಣಿಸಲಿಲ್ಲ. ಪೇಟೆಯ ನೆಲಮಾಳಿಗೆಯಲ್ಲಿ ಜನ ನಡೆದಾಡುತ್ತಾರೆ, ವಾಹನ ನಿಲ್ಲಿಸುತ್ತಾರೆ. ಆದ್ದರಿಂದ ಅದಕ್ಕೆ ಸಂಖ್ಯೆ ಬಂದಿತು. ಕೆಳಗಿಳಿದಂತೆ ಅಂಕಿ ಹೆಚ್ಚುತ್ತದೆ: ಮೊದಲನೆಯ ನೆಲಮಾಳಿಗೆ, ಎರಡನೆಯ ನೆಲಮಾಳಿಗೆ. ಇಲ್ಲಿ ಇತಿಹಾಸದ ವಿದ್ಯಾರ್ಥಿಗಳಿಗೆ ಒಂದು ತಮಾಷೆ ಕಾದಿದೆ. ಅಮೆರಿಕದಲ್ಲಿ ಬೀದಿಯ ಮಟ್ಟದ್ದೇ ಒಂದನೆಯ ಫ್ಲೋರು. ಅದರ ಕೆಳಗೆ ನೇರವಾಗಿ ಮೊದಲನೆಯ ನೆಲಮಾಳಿಗೆ. ಒಂದಕ್ಕೂ ಒಂದಕ್ಕೂ ನಡುವೆ ಸೊನ್ನೆಯಿಲ್ಲ. ಕ್ರಿಸ್ತಪೂರ್ವ ಒಂದನೆಯ ವರ್ಷ ಮುಗಿದ ಕೂಡಲೆ ಕ್ರಿಸ್ತಶಕ ಒಂದನೆಯ ವರ್ಷ ಬರುವುದೂ ಹೀಗೆಯೇ. ಎರಡರ ನಡುವಿನ ಅಂತರವನ್ನು ಲೆಕ್ಕಹಾಕುವಾಗ ಒಂದನ್ನು ಕಳೆಯಬೇಕೆಂದು ನಮ್ಮ ಅಧ್ಯಾಪಕರು ಎಷ್ಟು ಸಲ ಎಚ್ಚರಿಸಿದ್ದಾರೆ! ಬ್ರಿಟನ್ನಿನಲ್ಲಿಯೂ, ಅವರಿಂದ ಕಲಿತ ನಮ್ಮ ಕಚೇರಿಗಳಲ್ಲಿಯೂ ನೆಲವೇ ಸೊನ್ನೆಯ ಸ್ಥಾನದಲ್ಲಿ ಕುಳಿತಿರುವುದರಿಂದ ಲೆಕ್ಕ ನೇರವಾಗುತ್ತದೆ. ಜಪಾನ್, ಚೀನಾ, ಕೊರಿಯಾಗಳವರು ಅಮೆರಿಕದವರಂತೆ ನೆಲವನ್ನೇ ಒಂದು ಎನ್ನುತ್ತಾರೆ. ಆದ್ದರಿಂದ ಮಗಳ ಬಾಣಂತನಕ್ಕೆಂದು ಅಮೆರಿಕಕ್ಕೆ ಹೋದ ನಮ್ಮ ಕಡೆಯ ತಾಯಂದಿರು 'ಸೆಕೆಂಡ್ ಫ್ಲೋರ್' ಎಂಬ ವಿಳಾಸವನ್ನು ಕೇಳಿ ಮಂಡಿನೋವಿಗೆ ಹೆದರಬೇಕಾಗಿಲ್ಲ. ಒಂದು ಸಲ ಹತ್ತಿದ ಮೆಟ್ಟಿಲೇ ಸಾಕು. ಅಲ್ಲಿನ ಲಿಫ್ಟುಗಳಲ್ಲಿ ಹೊರಬಾಗಿಲಿರುವ ಮಟ್ಟದ ಗುಂಡಿಯ ಪಕ್ಕದಲ್ಲಿ ನಕ್ಷತ್ರದ ಗುರುತೊಂದಿರುತ್ತದೆ. ಅಂಕಿಯನ್ನು ನಂಬಲಾರದವರಿಗೆ ಅದು ದೊಡ್ಡ ಉಪಕಾರ.

ಅಂಕಿಯನ್ನು ನಂಬಬಾರದೆಂಬುದಕ್ಕೆ ಇನ್ನೊಂದು ಕಾರಣವೂ ಉಂಟು. ಅಮೆರಿಕದ ಅನೇಕ ಕಟ್ಟಡಗಳಲ್ಲಿ ಹದಿಮೂರು ಅಶುಭವೆಂದು ಹನ್ನೆರಡರ ಮೇಲೆ ಹದಿನಾಲ್ಕನ್ನೇ ಬರೆಯುತ್ತಾರೆ. ಚೀನೀ ಭಾಷೆಯಲ್ಲಿ ನಾಲ್ಕು ಎಂಬ ಮಾತಿನ ಉಚ್ಚಾರಣೆ ಸಾವೆಂಬ ಮಾತಿಗೆ ಹತ್ತಿರವಾದ್ದರಿಂದ ಅಲ್ಲಿ ನಾಲ್ಕನ್ನು ಹಾರಿಸುವುದುಂಟು. ರಾಹುಕಾಲ ನೋಡಿ ಪಾಯ ತೆಗೆಯುವ ನಾವು ಅವರನ್ನು ನೋಡಿ ನಗುವಂತಿಲ್ಲ. ನಮ್ಮ ಮುರುಡೇಶ್ವರದ ರಾಜಗೋಪುರವನ್ನು ಇಪ್ಪತ್ತು ಅಂತಸ್ತಿನದೆನ್ನುತ್ತಾರೆ. ಯಾತ್ರಿಕರನ್ನು ಲಿಫ್ಟಿನಲ್ಲಿ ಕರೆದೊಯ್ಯುವುದು ಹದಿನೆಂಟನೆಯದರವರೆಗೆ. ಅಲ್ಲಿ ಅಂಕಿಯನ್ನು ಹಾರಿಸಿಲ್ಲ, ಯಾತ್ರಿಕರನ್ನು ತುದಿಗೆ ಬಿಡುವುದಿಲ್ಲ, ಅಷ್ಟೆ.

ಬೆಂಕಿಯ ವಿಷಯ ಬಂದಾಗ ಈ ಗೊಂದಲ ತಮಾಷೆಯಾಗಿ ಉಳಿಯುವುದಿಲ್ಲ. ಹೊಗೆ ತುಂಬಿದ ಕಟ್ಟಡದಿಂದ ಒಬ್ಬರು ೧೧೨ಕ್ಕೆ ಕರೆಮಾಡಿ 'ಮೂರನೆ ಫ್ಲೋರಿನಲ್ಲಿದ್ದೇವೆ' ಎಂದರೆ, ಬಂದವರು ನೆಲವನ್ನು ಸೇರಿಸಿ ಹುಡುಕಬೇಕೋ ಬಿಟ್ಟು ಹುಡುಕಬೇಕೋ? 'ನೆಲ ಬಿಟ್ಟು ಮೂರು' ಎಂಬ ಮೂರು ಪದಗಳು ಅಲ್ಲಿ ಒಂದು ಮೆಟ್ಟಿಲ ಸಾಲಿನಷ್ಟು ಹೊತ್ತನ್ನು ಉಳಿಸಬಲ್ಲವು. ಸಂಹಿತೆಯನ್ನು ಬರೆದವರಿಗೂ ಈ ಎಣಿಕೆಯ ಮೇಲೆ ಹೆಚ್ಚಿನ ನಂಬಿಕೆ ಇದ್ದಂತಿಲ್ಲ. ಬೆಂಕಿಯ ವಿಶೇಷ ಏರ್ಪಾಟುಗಳು ಬೇಕಾದ ಎತ್ತರದ ಕಟ್ಟಡ ಯಾವುದೆಂದು ಹೇಳುವಾಗ ಅವರು ಮಹಡಿಗಳನ್ನು ಎಣಿಸಲೇ ಇಲ್ಲ. ಹದಿನೈದು ಮೀಟರು ಅಥವಾ ಅದಕ್ಕಿಂತ ಹೆಚ್ಚು ಎಂದು ಅಳತೆಯನ್ನು ಹಿಡಿದರು. ಒಬ್ಬರ ಮೂರು ಅಂತಸ್ತು ಮೂವತ್ತಡಿಯಿರಬಹುದು, ಇನ್ನೊಬ್ಬರ ಮದುವೆ ಛತ್ರದ ಮೂರು ಅಂತಸ್ತು ಐವತ್ತಡಿ ಮುಟ್ಟಬಹುದು. ಏಣಿಗೆ ಬೇಕಾದದ್ದು ಅಡಿಯ ಲೆಕ್ಕ.

ಇಷ್ಟೆಲ್ಲ ಹೇಳಿದ ಮೇಲೂ ಒಂದು ತೊಡಕು ಉಳಿಯುತ್ತದೆ. ನೆಲ ಬಿಟ್ಟು ಎನ್ನುವುದು ಸರಿ, ನೆಲ ಯಾವುದು? ತುಮಕೂರಿನ ಬಯಲು ಬಡಾವಣೆಗಳಲ್ಲಿ ಈ ಪ್ರಶ್ನೆ ಹುಟ್ಟುವುದಿಲ್ಲ. ಮಡಿಕೇರಿಯಂತಹ ಗುಡ್ಡದ ಊರಿನಲ್ಲಿ ಹುಟ್ಟುತ್ತದೆ. ಅಲ್ಲಿ ರಸ್ತೆಯಿಂದ ಬಾಗಿಲು ದಾಟಿ ಒಳಗೆ ಹೋದರೆ ಇನ್ನೂ ಎರಡು ಅಂತಸ್ತುಗಳು ಇಳಿಜಾರಿನಲ್ಲಿ ಕೆಳಗಿರುತ್ತವೆ, ಅವುಗಳಿಗೂ ಬೆಳಕು, ಕಿಟಕಿ ಎಲ್ಲವೂ ಉಂಟು. ನೆಲಮಾಳಿಗೆಯೆಂದು ಕರೆಯಲು ಮನಸ್ಸು ಬಾರದು. ನಮ್ಮ ದೇವರಾಯನದುರ್ಗದಲ್ಲಿ ಬೆಟ್ಟದ ಕೆಳಮಟ್ಟದಲ್ಲಿ ಭೋಗನರಸಿಂಹ, ಮೇಲೆ ಯೋಗನರಸಿಂಹ. ಭಕ್ತರು ಕೆಳಗಿನ ದೇವಸ್ಥಾನ, ಮೇಲಿನ ದೇವಸ್ಥಾನ ಎಂದು ಕರೆದು ಸಂಖ್ಯೆಯ ಗೋಜಿಗೇ ಹೋಗಲಿಲ್ಲ. ಸಂಹಿತೆಯವರು ಸಂಖ್ಯೆ ಕೊಡಲೇಬೇಕಾದ್ದರಿಂದ ಎಣಿಕೆಯನ್ನು ನಿರ್ಧರಿಸುವ ಪ್ರವೇಶದ ಮಟ್ಟ ಯಾವುದೆಂದು ಮೊದಲು ಗೊತ್ತುಮಾಡಿಕೊಳ್ಳಿರಿ ಎನ್ನುತ್ತಾರೆ. ಎರಡು ಕಡೆ ರಸ್ತೆಯಿದ್ದು, ಒಂದು ಎತ್ತರದಲ್ಲಿ ಒಂದು ತಗ್ಗಿನಲ್ಲಿ ಬಾಗಿಲಿದ್ದರೆ ಏನು ಮಾಡುವಿರೆಂದು ನಾನು ತಂದೆಯವರನ್ನು ಕೇಳಿದೆ. ಅವರು ಸ್ವಲ್ಪವೂ ಯೋಚಿಸಲಿಲ್ಲ. 'ಮರಳಿನ ಲಾರಿ ಯಾವ ಕಡೆ ಸುರಿತದೋ ಆ ಕಡೇದೆ ನೆಲ ಕಣಪ್ಪ. ಹೊರೋದು ಅಲ್ಲಿಂದ ತಾನೆ' ಎಂದರು.